ಪ್ಯಾನ್ಸಿಯೋ ವಯೋಲಾವೋ: ಬೆಳಗಾವಿಯ ಹಿತ್ತಲು, ವಿಜಯಪುರದ ಮಾಳಿಗೆ

ದೀಪಾವಳಿ ಮುಗಿಯುತ್ತಿದ್ದಂತೆ ಬೆಳಗಾವಿಯ ನರ್ಸರಿಗಳಲ್ಲಿ ಎರಡು ಬಗೆಯ ಸಸಿಗಳು ಅಕ್ಕಪಕ್ಕ ಕಾಣಿಸಿಕೊಳ್ಳುತ್ತವೆ. ಒಂದು ಆರೇಳು ಸೆಂಟಿಮೀಟರ್ ಅಗಲದ, ನಡುವೆ ಕಪ್ಪು ಮಚ್ಚೆ ಹೊತ್ತ ಹೂವಿನ ಪ್ಯಾನ್ಸಿ. ಇನ್ನೊಂದು ಅದರ ಅರ್ಧದಷ್ಟೂ ಇಲ್ಲದ ವಯೋಲಾ. ಕೊಳ್ಳಲು ಬಂದವರ ಕೈ ಮೊದಲು ಪ್ಯಾನ್ಸಿಯ ಕಡೆಗೇ ಚಾಚುತ್ತದೆ. ಎರಡನ್ನೂ ಬೆಳಗಾವಿಯ ನಮ್ಮ ಹಿತ್ತಲಿನಲ್ಲಿಯೂ ವಿಜಯಪುರದ ಅಕ್ಕನ ಮನೆಯ ಮಾಳಿಗೆಯ ಮೇಲೂ ಬೆಳೆಸಿ ನೋಡಿದ್ದೇನೆ. ಬೆಳಗಾವಿಯವರು ಎರಡನ್ನೂ ಬೆಳೆಸಲಿ, ವಿಜಯಪುರದವರು ವಯೋಲಾವನ್ನೇ ನೆಚ್ಚಿಕೊಳ್ಳಲಿ ಎನ್ನುವುದು ನನ್ನ ಅಭಿಪ್ರಾಯ. ನಮ್ಮ ಚಳಿ ಎರಡಕ್ಕೂ ಒಗ್ಗುತ್ತದೆ. ಗೆಲ್ಲುವುದು ಯಾವುದು ಎಂಬುದನ್ನು ತೀರ್ಮಾನಿಸುವುದು ಬಿಸಿಲು ಎಷ್ಟು ಬೇಗ ಏರುತ್ತದೆ ಎಂಬುದು.

ಇವೆರಡೂ ಒಂದೇ ಕುಲದವು. ದೊಡ್ಡ ಹೂವಿನ ಪ್ಯಾನ್ಸಿಯನ್ನು 19ನೇ ಶತಮಾನದ ಇಂಗ್ಲೆಂಡಿನ ತೋಟಗಾರರು ವಯೋಲಾ ಟ್ರೈಕಲರ್ ಎಂಬ ಕಾಡು ಹೂವನ್ನು ಬೇರೆ ಜಾತಿಗಳೊಡನೆ ಕೂಡಿಸಿ ರೂಪಿಸಿದರು. ತಂಪು ದೇಶದಲ್ಲಿ ಹುಟ್ಟಿದ ಈ ಗಿಡಕ್ಕೆ ಹಗಲಿನ ಉಷ್ಣತೆ 25 ಡಿಗ್ರಿಯ ಒಳಗಿದ್ದರೆ ಹಿತ. ನಮ್ಮಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಅದನ್ನು ದಾಟುತ್ತದೆ. ಗಿಡವನ್ನು ಕಾಪಾಡುವುದು ರಾತ್ರಿಯ ತಂಪು.

ಅಂದದ ಮಾತಿಗೆ ಬಂದರೆ ಪ್ಯಾನ್ಸಿಗೆ ಸಾಟಿಯಿಲ್ಲ. ತುಳಸಿಕಟ್ಟೆಯ ಪಕ್ಕ ಕಡುನೇರಳೆ ಬಣ್ಣದ ಒಂದೇ ಕುಂಡ ಇಟ್ಟರೂ ಅಂಗಳ ಬೇರೆಯೇ ಆಗಿ ಕಾಣುತ್ತದೆ. ಆದರೆ ಆ ಅಗಲ ದಳಗಳೇ ಅದಕ್ಕೆ ಭಾರ. ಅಕಾಲದ ಮಳೆಯ ನಾಲ್ಕು ಹನಿ ಬಿದ್ದರೆ ಹೂವು ತಲೆ ಬಗ್ಗಿಸಿ ಮಣ್ಣಿಗಂಟುತ್ತದೆ, ಗಾಳಿ ಜೋರಾದರೆ ದಳದ ಅಂಚು ಹರಿಯುತ್ತದೆ. ವಯೋಲಾ ಅದೇ ಮಳೆಯಲ್ಲಿ ನೆನೆದು, ಬಿಸಿಲು ಬಿದ್ದ ಕೂಡಲೇ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಹೂವಿನ ಲೆಕ್ಕದಲ್ಲಿಯೂ ಅದೇ ಮುಂದು. ಪ್ಯಾನ್ಸಿ ಒಂದು ಮೊಗ್ಗನ್ನು ದುಂಡಗೆ ಮಾಡುವ ಹೊತ್ತಿಗೆ ವಯೋಲಾ ಗಿಡದ ತುಂಬ ಬಿಟ್ಟಿರುತ್ತದೆ. ದೂರದಿಂದ ನೋಡುವ ಪಾತಿಗೆ ವಯೋಲಾ, ಹತ್ತಿರ ನಿಂತು ನೋಡುವ ಕುಂಡಕ್ಕೆ ಪ್ಯಾನ್ಸಿ ಎಂದು ನಾನು ಹಂಚಿಕೊಂಡಿದ್ದೇನೆ.

ಸಂಕ್ರಾಂತಿಯವರೆಗೆ ಎರಡೂ ಊರುಗಳಲ್ಲಿ ಇವುಗಳ ನಡುವೆ ದೊಡ್ಡ ಅಂತರವಿರುವುದಿಲ್ಲ. ಆಮೇಲೆ ವಿಜಯಪುರದಲ್ಲಿ ಪ್ಯಾನ್ಸಿಯ ಕಾಂಡ ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ, ಹೂವು ಒಂದಕ್ಕಿಂತ ಒಂದು ಚಿಕ್ಕದಾಗುತ್ತದೆ, ಶಿವರಾತ್ರಿಯ ಹೊತ್ತಿಗೆ ಬುಡದ ಎಲೆಗಳು ಒಣಗುತ್ತವೆ. ಮಾಳಿಗೆಯ ಕಾಂಕ್ರೀಟು ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಕುಂಡಕ್ಕೆ ಕೊಡುವುದರಿಂದ ಬೇರಿಗೆ ತಂಪೇ ಸಿಗುವುದಿಲ್ಲ. ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಮಧ್ಯಾಹ್ನದ ಬಿಸಿಲಿಗೆ ಹಸಿರು ಪರದೆ ಕಟ್ಟಿದ ಮೇಲೆ ವಯೋಲಾ ಶಿವರಾತ್ರಿಯನ್ನು ದಾಟಿತು, ಪ್ಯಾನ್ಸಿ ದಾಟಲಿಲ್ಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಪಶ್ಚಿಮ ಘಟ್ಟವೂ ಹತ್ತಿರ. ಇಲ್ಲಿ ಪೂರ್ವದ ಬಿಸಿಲು ಮಾತ್ರ ಬೀಳುವ ಗೋಡೆಯ ಮಗ್ಗುಲಲ್ಲಿ ಪ್ಯಾನ್ಸಿ ಮಾರ್ಚ್ ಆರಂಭದವರೆಗೂ ಮುಖ ಉಳಿಸಿಕೊಂಡಿತ್ತು, ವಯೋಲಾ ಯುಗಾದಿಯ ಸಮೀಪದವರೆಗೆ ಬಂತು.

ಬಿಸಿಲಿನಷ್ಟೇ ಗಮನ ಮಣ್ಣಿಗೂ ನೀರಿಗೂ ಬೇಕು. ಈ ಗಿಡಗಳು ಕೊಂಚ ಆಮ್ಲೀಯ ಮಣ್ಣನ್ನು ಬಯಸುತ್ತವೆ, ರಸಸಾರ (pH) 5.5ರಿಂದ 6.5ರ ನಡುವೆ ಇದ್ದರೆ ಒಳ್ಳೆಯದು. ಬೆಳಗಾವಿಯ ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಹೆಚ್ಚಿನ ಕೆಲಸವಿಲ್ಲ. ವಿಜಯಪುರದ ಎರೆಮಣ್ಣು ಜೋಳಕ್ಕೆ ತಾಯಿಯಂಥದು, ಪ್ಯಾನ್ಸಿಗೆ ಅಲ್ಲ. ಅದರಲ್ಲಿ ಸುಣ್ಣದಂಶ ಹೆಚ್ಚು, ನೀರು ಹಿಡಿದುಕೊಂಡರೆ ಬಿಡುವುದಿಲ್ಲ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಅಕ್ಕನ ಮನೆಯಲ್ಲಿ ಎರೆಮಣ್ಣನ್ನು ಪೂರ್ತಿ ಬಿಟ್ಟು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ, ದಪ್ಪ ಮರಳು ಸೇರಿಸಿದ ಮಿಶ್ರಣ ತುಂಬಿದೆವು. ಅಷ್ಟಾದರೂ ಕೊಳವೆಬಾವಿಯ ಗಡಸು ನೀರು ಕಾಡಿತು. ಕುಂಡದ ಅಂಚಿಗೆ ಬಿಳಿ ಪದರ ಕಟ್ಟಿತು, ನರ ಹಸಿರಾಗಿಯೇ ಉಳಿದು ಎಳೆಯ ಎಲೆ ಹಳದಿಯಾಯಿತು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರ ಹೆಚ್ಚಾದಾಗ ಬೇರು ಅದನ್ನು ಹೀರಲಾರದು. ನೀರನ್ನು ಕಾಯಿಸಿ ಆರಿಸಿದರೂ ಸುಣ್ಣದ ಒಂದಂಶ ಮಾತ್ರ ತಳಕ್ಕಿಳಿಯುತ್ತದೆ, ಉಪ್ಪು ಹಾಗೇ ಉಳಿಯುತ್ತದೆ. ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರನ್ನು ಈ ಕೆಲವೇ ಕುಂಡಗಳಿಗೆ ಮೀಸಲಿಟ್ಟ ಮೇಲೆ ಹೊಸ ಎಲೆ ಹಸಿರಾಗಿ ಬಂತು. ಇಲ್ಲಿಯೂ ಹಳದಿ ಮೊದಲು ಕಂಡದ್ದು ಪ್ಯಾನ್ಸಿಯಲ್ಲಿ.

ಬೀಜ ಬಿತ್ತುವುದೋ ಸಸಿ ಕೊಳ್ಳುವುದೋ ಎಂಬುದು ಇನ್ನೊಂದು ಪ್ರಶ್ನೆ. ಬಿತ್ತಿದ ಬೀಜ ಹೂವಾಗಲು ಸುಮಾರು ಮೂರು ತಿಂಗಳು ಬೇಕು. ಡಿಸೆಂಬರಿನಲ್ಲಿ ಹೂವು ಬೇಕಿದ್ದರೆ ಸೆಪ್ಟೆಂಬರಿನಲ್ಲಿಯೇ ಬಿತ್ತಬೇಕು. ಕತ್ತಲಿದ್ದರೆ ಮೊಳಕೆ ಚೆನ್ನಾಗಿ ಬರುತ್ತದೆ, ಹಾಗಾಗಿ ಬೀಜದ ಮೇಲೆ ತೆಳುವಾಗಿ ಕೊಕೊಪೀಟ್ ಉದುರಿಸಿ, ಟ್ರೇಗೆ ರಟ್ಟು ಮುಚ್ಚುತ್ತೇನೆ. ಮೊಳಕೆಯ ಕಾಲಕ್ಕೆ 18ರಿಂದ 20 ಡಿಗ್ರಿ ತಂಪು ಬೇಕು. ಮಳೆಗಾಲದ ಕೊನೆಯ ಬೆಳಗಾವಿಯಲ್ಲಿ ಮನೆಯ ತಂಪು ಮೂಲೆಯೊಂದು ಅದರ ಹತ್ತಿರ ಬರುತ್ತದೆ, ವಿಜಯಪುರದಲ್ಲಿ ಬರುವುದಿಲ್ಲ. ಅಲ್ಲಿ ಮೊಳಕೆ ಅಲ್ಲೊಂದು ಇಲ್ಲೊಂದು ಎದ್ದು, ಬುಡ ಕೊಳೆತು ಬಿತ್ತು. ಆದ್ದರಿಂದ ಅಕ್ಕನಿಗೆ ಬೆಳಗಾವಿಯಿಂದ ಸಸಿಯನ್ನೇ ಒಯ್ಯುತ್ತೇನೆ. ಕೊಳ್ಳುವಾಗ ಹೂವು ತುಂಬಿದ್ದನ್ನು ಬಿಟ್ಟು, ಮೊಗ್ಗಷ್ಟೇ ಇರುವ ಗಿಡ್ಡ ಸಸಿಯನ್ನು ಆರಿಸಬೇಕು. ಚೀಲದ ತಳದಿಂದ ಬೇರು ಹೊರಗೆ ಸುತ್ತಿಕೊಂಡಿದ್ದರೆ ಅದು ಬೇಡ.

ಆರೈಕೆಯಲ್ಲಿ ಹೆಚ್ಚು ಭೇದವಿಲ್ಲ. ಸಸ್ಯಹೇನು ಬಿದ್ದರೆ ಬೇವಿನೆಣ್ಣೆಯನ್ನು ಸಂಜೆ ಸಿಂಪಡಿಸುತ್ತೇನೆ. ಬಾಡಿದ ಹೂವನ್ನು ತೊಟ್ಟಿನ ಸಮೇತ ಕಿತ್ತರೆ ಹೊಸ ಮೊಗ್ಗು ಬರುತ್ತಿರುತ್ತದೆ. ಪ್ಯಾನ್ಸಿಗೆ ಇದನ್ನು ತಪ್ಪಿಸುವಂತಿಲ್ಲ. ವಯೋಲಾ ಕೆಲವು ದಿನ ಕಾಯುತ್ತದೆ.

ಫೆಬ್ರವರಿಯ ನಂತರ ಕೀಳುವುದನ್ನು ನಿಲ್ಲಿಸಿ ಬೀಜಕ್ಕೆ ಬಿಡುತ್ತೇನೆ. ಬಗ್ಗಿದ್ದ ಹಸಿರು ಕಾಯಿ ಬಲಿತು ಮೇಲ್ಮುಖವಾದಾಗ ಕೊಯ್ದು ಕಾಗದದ ಚೀಲದಲ್ಲಿಡಬೇಕು. ಒಂದು ದಿನ ತಡವಾದರೂ ಅದು ಮೂರು ಭಾಗವಾಗಿ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಸಂಕರ ತಳಿಯ ಬೀಜದಿಂದ ತಾಯಿಯ ಬಣ್ಣವೇ ಬರುತ್ತದೆ ಎನ್ನುವಂತಿಲ್ಲ, ಸ್ವಿಸ್ ಜೈಂಟ್ಸ್‌ನಂಥ ಹಳೆಯ ತಳಿಗಳಲ್ಲಿ ಅದು ಹೆಚ್ಚುಕಡಿಮೆ ಉಳಿಯುತ್ತದೆ. ನಮ್ಮ ಹಿತ್ತಲಿನಲ್ಲಿ ಹಾಗೆ ಸಿಡಿದ ವಯೋಲಾ ಬೀಜ ಇಟ್ಟಿಗೆಯ ಸಂದಿಯಲ್ಲಿ ಬೇಸಿಗೆ ಕಳೆದು, ದಸರೆಯ ವೇಳೆಗೆ ತಾನಾಗಿಯೇ ಮೊಳೆಯಿತು. ಆ ಸಸಿಗಳನ್ನೇ ಈ ಸಲ ಕುಂಡಕ್ಕೆ ಎತ್ತಿ ನೆಟ್ಟಿದ್ದೇನೆ.