ಮೊದಲೇ ತುಂಬಿ ಬರುವ ಸಂಸ್ಕಾರದ ಕಪ್: ಯಾವ ಮೇಜಿಗೆ ಸರಿ, ಯಾವುದಕ್ಕೆ ಅಲ್ಲ

ಯೇಸುವಿನ ಕೊನೆಯ ಊಟದ ನೆನಪಿಗೆ ಕ್ರೈಸ್ತ ಸಭೆಗಳು ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವ ಕರ್ತನ ಭೋಜನ ಸಂಸ್ಕಾರಕ್ಕಾಗಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪ್ಲಾಸ್ಟಿಕ್ ಕಪ್. ಅದರ ಬಾಯಿಗೆ ಎರಡು ಪದರ. ಮೇಲಿನದು ಪಾರದರ್ಶಕ ಹಾಳೆ, ಅದರಡಿ ನಾಣ್ಯದಷ್ಟು ಅಗಲದ ರೊಟ್ಟಿಯ ಬಿಲ್ಲೆ. ಕೆಳಗಿನದು ಅಲ್ಯೂಮಿನಿಯಂ ಫಾಯಿಲ್, ಅದರಡಿ ಒಂದು ಗುಟುಕು ದ್ರಾಕ್ಷಿ ರಸ, ಹೆಚ್ಚೆಂದರೆ 6ರಿಂದ 7 ಮಿಲಿ. 2020ರ ಕೋವಿಡ್ ಕಾಲದಲ್ಲಿ ಒಂದೇ ಪಾತ್ರೆಯಿಂದ ಕುಡಿಯುವುದೂ ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸುವುದೂ ನಿಂತಾಗ ಅನೇಕ ಸಭೆಗಳು ಈ ಕಪ್‌ಗೆ ಬಂದವು. ಸೋಂಕಿನ ಭಯ ಕಳೆದ ಮೇಲೂ ಎಷ್ಟೋ ಕಡೆ ಅದೇ ಮುಂದುವರಿದಿದೆ. ಹಿಂದಿನ ದಿನ ಸಂಜೆ ಕೂತು ತುಂಬಿಸುವ ಕೆಲಸವಿಲ್ಲ, ಆರಾಧನೆ ಮುಗಿದ ಮೇಲೆ ತೊಳೆಯುವ ಕೆಲಸವಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಆಸ್ಪತ್ರೆಗೆ, ಹಾಸಿಗೆ ಹಿಡಿದವರ ಮನೆಗೆ, ಪ್ರಯಾಣದ ನಡುವಿನ ಆರಾಧನೆಗೆ ಇದು ಒಳ್ಳೆಯ ವಸ್ತು. ಸಭೆ ಕೂಡಿಬರುವ ಭಾನುವಾರದ ಮೇಜಿಗೆ ಮಾತ್ರ ಇದನ್ನು ಶಿಫಾರಸು ಮಾಡಲಾರೆವು.

ಬಳಸುವಾಗ ಎದುರಾಗುವ ಮೊದಲ ತೊಡಕು ತೆರೆಯುವುದೇ. ಎರಡು ಪದರಗಳ ಚುಂಗುಗಳು ಒಂದರ ಮೇಲೊಂದು ಕೂತಿರುತ್ತವೆ. ಅವಸರದಲ್ಲಿ ಎಳೆದರೆ ಎರಡೂ ಒಟ್ಟಿಗೆ ಕಿತ್ತುಬಂದು ರೊಟ್ಟಿ ತೊಡೆಯ ಮೇಲೆ ಬೀಳುತ್ತದೆ, ರಸ ಬಟ್ಟೆಯ ಮೇಲೆ ಚೆಲ್ಲುತ್ತದೆ. ದ್ರಾಕ್ಷಿಯ ಕಲೆ ಬಿಳಿ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ. ಮೇಲಿನ ಹಾಳೆಯ ಚುಂಗನ್ನು ಉಗುರಿನಿಂದ ಮೇಲಕ್ಕೆ ಮಡಚಿ, ಫಾಯಿಲ್‌ನ ಚುಂಗನ್ನು ಕೆಳಕ್ಕೆ ಬಗ್ಗಿಸಿ, ಎರಡೂ ಬೇರೆಯಾದವೆಂದು ಖಾತ್ರಿಯಾದ ಮೇಲೆಯೇ ಎಳೆಯಬೇಕು. ಕಪ್‌ನ ನಡುಭಾಗವನ್ನು ಹಿಡಿಯಬಾರದು. ಪ್ಲಾಸ್ಟಿಕ್ ತೆಳುವಾಗಿರುವುದರಿಂದ ಬೆರಳು ಬಿಗಿಯಾದರೆ ಗೋಡೆ ಒಳಕ್ಕೆ ಒತ್ತುತ್ತದೆ, ಫಾಯಿಲ್ ಬಿಟ್ಟುಕೊಂಡ ಕ್ಷಣವೇ ರಸ ಚಿಮ್ಮುತ್ತದೆ. ಬಾಯಿಯ ಅಂಚಿನ ಗಟ್ಟಿ ಬಳೆಯನ್ನು ಹಿಡಿದು, ಕಪ್ಪನ್ನು ಮಟ್ಟವಾಗಿಟ್ಟು, ಚುಂಗನ್ನು ಮೇಲಕ್ಕೆತ್ತದೆ ಅಡ್ಡಕ್ಕೆ, ನಿಧಾನವಾಗಿ ಎಳೆಯಿರಿ. ಪೂರ್ತಿ ಕೀಳುವ ಅಗತ್ಯವಿಲ್ಲ. ಮುಕ್ಕಾಲು ಭಾಗ ತೆರೆದರೆ ಕುಡಿಯಲು ಸಾಕು, ಕೈಯಲ್ಲಿ ಒದ್ದೆ ಫಾಯಿಲ್ ತುಂಡೂ ಉಳಿಯುವುದಿಲ್ಲ.

ಇಷ್ಟನ್ನೂ ಸಂಧಿವಾತದಿಂದ ಬೆರಳು ಸೊಟ್ಟಗಾದ ಅಜ್ಜಿಯೊಬ್ಬರು ಮಾಡಬೇಕು. ಕೈ ನಡುಗುವವರು, ದೃಷ್ಟಿ ಮಂದವಾದವರು, ತೋಳಲ್ಲಿ ಮಗುವನ್ನು ಎತ್ತಿಕೊಂಡ ತಾಯಿ ಮಾಡಬೇಕು. ಕರ್ತನ ಮೇಜಿನಲ್ಲಿ ಎಲ್ಲರಿಗಿಂತ ಮೊದಲು ಯಾರ ಚಿಂತೆ ಮಾಡಬೇಕೋ ಅವರಿಗೇ ಈ ಕಪ್ ಎಲ್ಲರಿಗಿಂತ ಹೆಚ್ಚು ಕಷ್ಟ. ಪಕ್ಕದವರು ತೆರೆದುಕೊಡಬಹುದು, ಕೊಡಲೂಬೇಕು. ಆದರೆ ಸುತ್ತ ಎಲ್ಲರೂ ತಮ್ಮತಮ್ಮ ಹಾಳೆಯ ಜೊತೆ ಗುದ್ದಾಡುತ್ತಿರುವಾಗ ಪಕ್ಕದವರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಸಭಾಪಾಲಕರು ಸ್ಥಾಪನೆಯ ಮಾತುಗಳನ್ನು, ಅಂದರೆ ರೊಟ್ಟಿ, ಪಾತ್ರೆಗಳನ್ನು ಕೊಡುವಾಗ ಯೇಸು ಆಡಿದ ಮಾತುಗಳನ್ನು, ಹೇಳುವ ಹೊತ್ತಿಗೆ ಸರಿಯಾಗಿ ಇಡೀ ಆರಾಧನಾಲಯದಲ್ಲಿ ಚರಚರ ಸದ್ದು ಏಳುತ್ತದೆ. ಇದನ್ನು ತಪ್ಪಿಸಲು ಒಂದು ದಾರಿಯಿದೆ: ಮೇಲಿನ ಹಾಳೆಯನ್ನು ಬಿಡಿಸಿಕೊಳ್ಳಲು ಪ್ರಾರ್ಥನೆಗೆ ಮುಂಚೆಯೇ ಹೇಳಿ, ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ಆರಂಭಿಸುವುದು. ಫಾಯಿಲನ್ನು ಮಾತ್ರ ಪಾತ್ರೆಯ ಮಾತು ಬರುವವರೆಗೆ ಮುಟ್ಟಬಾರದು.

ಇನ್ನೊಂದು ಬಗೆಯ ಕಪ್ ಇದೆ, ಡಮರುಗದ ಆಕಾರದ್ದು: ಒಂದು ತುದಿಯಲ್ಲಿ ರೊಟ್ಟಿ, ಇನ್ನೊಂದು ತುದಿಯಲ್ಲಿ ರಸ, ಎರಡಕ್ಕೂ ಬೇರೆಬೇರೆ ಮುಚ್ಚಳ. ಕೊಳ್ಳಲೇಬೇಕಾದರೆ ಇದನ್ನೇ ಕೊಳ್ಳಿ. ಎರಡು ಪದರ ಒಟ್ಟಿಗೆ ಕಿತ್ತುಬರುವ ಪ್ರಶ್ನೆಯೇ ಇಲ್ಲ. ರೊಟ್ಟಿಯ ತುದಿಯನ್ನು ಮೊದಲು ತೆರೆಯುವಾಗ ರಸದ ಕಡೆ ಇನ್ನೂ ಮುಚ್ಚಿರುವುದರಿಂದ ತಿರುವಿ ಹಿಡಿದರೂ ಚೆಲ್ಲುವುದಿಲ್ಲ.

ಒಳಗಿನ ವಸ್ತುವಿನ ವಿಷಯಕ್ಕೆ ಬಂದರೆ, ಪೆಟ್ಟಿಗೆಯ ಮೇಲಿನ ಪಟ್ಟಿ ಓದದೆ ಕೊಳ್ಳಬೇಡಿ. ಒಳ್ಳೆಯ ತಯಾರಿಕೆಯಲ್ಲಿ ರಸವೆಂದರೆ ದ್ರಾಕ್ಷಿ ರಸ ಮಾತ್ರ, ಬಿಲ್ಲೆಯೆಂದರೆ ಗೋಧಿ ಹಿಟ್ಟು ಮತ್ತು ನೀರು. ಅಗ್ಗದ್ದರಲ್ಲಿ ಸಕ್ಕರೆ ನೀರು, ಬಣ್ಣ, ಪರಿಮಳ ಸೇರಿರುವುದುಂಟು; ಅಂಥದ್ದನ್ನು ಕರ್ತನ ಮೇಜಿನ ಮೇಲೆ ಇಡುವುದು ಸಲ್ಲದು. ರಸ ಹಳೆಯದಾದಂತೆ ನೇರಳೆ ಬಣ್ಣ ಕಂದು ಬಣ್ಣಕ್ಕೆ ತಿರುಗಿ, ರುಚಿ ಒಗರಾಗುತ್ತದೆ. ಬಿಸಿಲು ತಾಗುವ ಕೋಣೆಯಲ್ಲಿಟ್ಟರೆ ಇದು ಬೇಗ ಆಗುತ್ತದೆ. ಫಾಯಿಲ್ ಉಬ್ಬಿದ್ದರೆ ರಸ ಒಳಗೇ ಹುದುಗಿದೆ ಎಂದು ತಿಳಿದು ಎಸೆಯಿರಿ. ಬಿಲ್ಲೆ ಮೆತ್ತಗಾಗಿದ್ದರೆ ಮೇಲಿನ ಹಾಳೆಯ ಅಂಟು ಬಿಟ್ಟಿದೆ. ಕಪ್‌ನ ಹೊರಮೈ ಅಂಟಂಟಾಗಿದ್ದರೆ ಅದೇ ಪೆಟ್ಟಿಗೆಯ ಯಾವುದೋ ಕಪ್ ಸೋರಿದೆ, ಉಳಿದವನ್ನು ಒಂದೊಂದಾಗಿ ಒರೆಸಿ ನೋಡಬೇಕು. ಇನ್ನು ಬಿಲ್ಲೆಯ ರುಚಿ. ಎಂಥ ಒಳ್ಳೆಯದೇ ಆಗಲಿ, ರಟ್ಟಿನ ತುಂಡು ನಾಲಿಗೆಯ ಮೇಲಿಟ್ಟಂತೆ. ರೊಟ್ಟಿಯೆಂದು ನಂಬುವುದಕ್ಕೆ ಪ್ರಯತ್ನ ಬೇಕಾಗುತ್ತದೆ.

ಇವೆಲ್ಲ ಸರಿಪಡಿಸಬಹುದಾದ ಕೊರತೆಗಳು. ನಮ್ಮ ನಿಜವಾದ ಆಕ್ಷೇಪ ಬೇರೆಡೆ ಇದೆ. ಯೇಸು ರೊಟ್ಟಿಯನ್ನು ತೆಗೆದುಕೊಂಡು, ಸ್ತೋತ್ರ ಮಾಡಿ, ಮುರಿದು, ಕೊಟ್ಟನು. ಈ ನಾಲ್ಕು ಕ್ರಿಯೆಗಳಲ್ಲಿ ಕೊನೆಯ ಎರಡನ್ನು ಈ ಕಪ್ ಇಲ್ಲವಾಗಿಸುತ್ತದೆ. ಮುರಿಯಲು ಏನೂ ಇಲ್ಲ, ಏಕೆಂದರೆ ಬಿಲ್ಲೆ ಕಾರ್ಖಾನೆಯಲ್ಲೇ ಒಬ್ಬರ ಪಾಲಾಗಿ ಬಂದಿದೆ. ಕೊಡುವುದೂ ಇಲ್ಲ, ಬಾಗಿಲಲ್ಲಿಟ್ಟ ಬುಟ್ಟಿಯಿಂದ ಪ್ರತಿಯೊಬ್ಬರೂ ತಮ್ಮದನ್ನು ತಾವೇ ಎತ್ತಿಕೊಂಡು ಬಂದಿರುತ್ತಾರೆ. ರೊಟ್ಟಿ ಒಂದೇ ಆಗಿರುವುದರಿಂದ ಅನೇಕರಾದ ನಾವು ಒಂದೇ ದೇಹ ಎಂದು ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಅದರ ಮುಂದಿನ ಅಧ್ಯಾಯದಲ್ಲಿ ಅವನು ಗದರಿಸುವುದೂ ಇದೇ ಕಾರಣಕ್ಕೆ: ಅಲ್ಲಿ ಉಳ್ಳವರು ತಮ್ಮ ಪಾಡಿಗೆ ತಾವು ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿ ಎಂಬುದು ಅವನ ಅಪ್ಪಣೆ. ಅದೇ ಅಧ್ಯಾಯದಲ್ಲಿ ಬರುವ, ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕೆಂಬ ಮಾತನ್ನು ಒಬ್ಬೊಬ್ಬರ ಗುಟ್ಟಿನ ಪಾಪಗಳಿಗಷ್ಟೇ ಅನ್ವಯಿಸಿ ಓದುವುದು ರೂಢಿ. ಆದರೆ ಆ ಮಾತಿನ ಹಿಂದೆಮುಂದೆ ಇರುವುದು ಪಕ್ಕದವನನ್ನು ಮರೆತು ಉಣ್ಣುವ ಪಾಪ. ಪ್ರತಿಯೊಬ್ಬರಿಗೂ ಮೊಹರು ಮಾಡಿದ ಪ್ರತ್ಯೇಕ ಊಟ ಕೊಡುವ ವಸ್ತು ಈ ಪಾಠಕ್ಕೆ ಎದುರಾಗಿ ನಿಲ್ಲುತ್ತದೆ.

ಪ್ರತ್ಯೇಕ ಕಪ್‌ಗಳೂ ಹುಳಿಯದ ರಸವೂ ಹಳೆಯ ಪದ್ಧತಿಯೇನಲ್ಲ. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ಬ್ರಾಮ್‌ವೆಲ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು ದ್ರಾಕ್ಷಿ ರಸವನ್ನು ಪಾಶ್ಚರೀಕರಿಸಿ ಹುದುಗದಂತೆ ಬಾಟಲಿಗೆ ತುಂಬಿದ್ದು ಕರ್ತನ ಭೋಜನಕ್ಕಾಗಿಯೇ. ರೋಗಾಣುಗಳ ತಿಳಿವಳಿಕೆ ಹರಡಿದ ಮೇಲೆ, 1890ರ ದಶಕದಲ್ಲಿ, ಅಲ್ಲಿನ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಸಣ್ಣ ಕಪ್‌ಗಳು ಬಂದವು. ಆಗಲೂ ಇದೇ ವಾಗ್ವಾದ ನಡೆದಿತ್ತು. ಆದರೆ ಆ ಕಪ್‌ಗಳನ್ನು ಒಂದೇ ತಟ್ಟೆಯಲ್ಲಿಟ್ಟು ಒಬ್ಬರು ಇನ್ನೊಬ್ಬರಿಗೆ ದಾಟಿಸುತ್ತಿದ್ದರು, ರೊಟ್ಟಿಯನ್ನು ಎಲ್ಲರೆದುರು ಮುರಿಯುತ್ತಿದ್ದರು. ಅಷ್ಟು ಉಳಿದರೆ ಬಹಳ ಉಳಿದಂತೆ.

ಕೆಲವು ಸಭೆಗಳಲ್ಲಿ ಈ ಕಪ್‌ಗೆ ಎಡೆಯೇ ಇಲ್ಲ. ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 924ನೇ ನಿಯಮದಂತೆ ರೊಟ್ಟಿ ಗೋಧಿಯದ್ದೇ ಆಗಿರಬೇಕು, ದ್ರಾಕ್ಷಾರಸ ದ್ರಾಕ್ಷಿಯಿಂದಾದ, ಕೆಡದ ನಿಜವಾದ ವೈನ್ ಆಗಿರಬೇಕು. ಆರ್ಥೊಡಾಕ್ಸ್ ಪದ್ಧತಿಯಲ್ಲಿ ಹುಳಿ ಬೆರೆಸಿದ ರೊಟ್ಟಿ, ಒಂದೇ ಪಾತ್ರೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಆಗದವರ ವಿಚಾರವನ್ನೂ ಇಲ್ಲೇ ಹೇಳಬೇಕು. ಕಥೋಲಿಕರಲ್ಲಿ ಗ್ಲುಟೆನ್ ತೀರಾ ಕಡಿಮೆಯಿರುವ ಗೋಧಿ ಬಿಲ್ಲೆಗೆ ಒಪ್ಪಿಗೆಯಿದೆ, ಪೂರ್ತಿ ಗ್ಲುಟೆನ್ ಇಲ್ಲದ್ದಕ್ಕೆ ಇಲ್ಲ; ರೊಟ್ಟಿ ತೆಗೆದುಕೊಳ್ಳಲಾಗದವರು ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸಬಹುದು. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಅಕ್ಕಿ ಹಿಟ್ಟಿನ ಬಿಲ್ಲೆಯಿರುವ ಮೊಹರಾದ ಕಪ್ ಇಂಥವರಿಗೆ ನಿಜವಾದ ಉಪಕಾರ, ಏಕೆಂದರೆ ಬೇರೆಯವರ ಕೈಯ ಗೋಧಿ ಪುಡಿ ಅದಕ್ಕೆ ತಾಗುವುದಿಲ್ಲ. ಅದನ್ನು ಗುರುತು ಮಾಡಿದ ಬೇರೆ ತಟ್ಟೆಯಲ್ಲಿಡಿ.

ಹಾಗಾದರೆ ಭಾನುವಾರಕ್ಕೆ ಏನು? ಸ್ಟೀಲಿನ ದುಂಡು ತಟ್ಟೆ ಮತ್ತು ಸಣ್ಣ ಕಪ್‌ಗಳು. ಸಾಮಾನ್ಯವಾಗಿ ಸಿಗುವ ತಟ್ಟೆಯಲ್ಲಿ 40 ಕುಳಿಗಳಿರುತ್ತವೆ, ಒಂದರ ಮೇಲೊಂದು ಪೇರಿಸಬಹುದು. ಪ್ರತಿ ಕಪ್‌ಗೆ 7 ಮಿಲಿಯಂತೆ ತಟ್ಟೆಗೆ 280 ಮಿಲಿ. 750 ಮಿಲಿಯ ಒಂದು ಬಾಟಲಿ ನೂರು ಜನರಿಗೆ ಸಾಕು. ಮೂರನೇ ಎರಡರಷ್ಟು ಮಾತ್ರ ತುಂಬಿಸಿ. ಅಂಚಿನವರೆಗೆ ತುಂಬಿದರೆ ತಟ್ಟೆ ದಾಟುವಾಗ ತುಳುಕಿ, ಕಪ್ ಕುಳಿಗೆ ಅಂಟಿಕೊಳ್ಳುತ್ತದೆ, ಎತ್ತುವವರು ಎಳೆದಾಡಬೇಕಾಗುತ್ತದೆ. ಜಗ್ಗಿನಿಂದ ಸುರಿಯುವ ಬದಲು ಅದುಮುವ ಬಾಟಲಿಯನ್ನು ಬಳಸಿ, ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಗಾಜಿನ ಕಪ್ ಆದರೆ ಆರಾಧನೆ ಮುಗಿದ ಕೂಡಲೇ ಬಿಸಿನೀರಿನಲ್ಲಿ ಮುಳುಗಿಸಿಡಿ. ರಸದ ಸಕ್ಕರೆ ಒಣಗಿದರೆ ತಳದ ಮೂಲೆಗೆ ಬೆರಳು ಹೋಗದು, ಬ್ರಷ್ಷೇ ಬೇಕು.

ರೊಟ್ಟಿಗೆ 250 ಗ್ರಾಂ ಗೋಧಿ ಹಿಟ್ಟು, ಚಿಟಿಕೆ ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ, ಸುಮಾರು 140 ಮಿಲಿ ನೀರು. ಎರಡು ದಪ್ಪ ರೊಟ್ಟಿ ಮಾಡಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಅರವತ್ತು ಎಪ್ಪತ್ತು ಜನರಿಗೆ ತುಂಡು ಸಿಗುತ್ತದೆ. ಹೆಚ್ಚು ಒಣಗಿಸಿದರೆ ಮುರಿದಾಗ ಪುಡಿ ಉದುರುತ್ತದೆ. ಹಸಿಯಿದ್ದರೆ ಮುರಿಯುವುದಿಲ್ಲ, ಹರಿಯುತ್ತದೆ. ಮೇಜಿನ ಮೇಲಿಡುವ ಮುನ್ನ ನಡುವೆ ಚಾಕುವಿನಿಂದ ಅರ್ಧ ಆಳಕ್ಕೆ ಗೀರಿ ಇಟ್ಟರೆ ಸಭಾಪಾಲಕರ ಕೈಯಲ್ಲಿ ಸರಿಯಾಗಿ ಎರಡಾಗುತ್ತದೆ.

ಉಳಿದದ್ದರ ಬಗ್ಗೆಯೂ ಯೋಚಿಸಿರಬೇಕು. ಮೇಜಿನ ಮೇಲಿಟ್ಟು ಪ್ರಾರ್ಥಿಸಿದ್ದನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಮುಂದಿನ ತಿಂಗಳಿಗೆ ಇಡುವುದು ಅನೇಕ ಸಭೆಗಳ ಮನಸ್ಸಾಕ್ಷಿಗೆ ಒಗ್ಗದು. ಆಂಗ್ಲಿಕನ್ ರೂಢಿಯಲ್ಲಿ, ಅನೇಕ ಲೂಥರನ್ ಸಭೆಗಳಲ್ಲೂ, ಉಳಿದದ್ದನ್ನು ಸಾಮಾನ್ಯವಾಗಿ ಅಲ್ಲೇ ಭಕ್ತಿಯಿಂದ ಮುಗಿಸುತ್ತಾರೆ. ಮೊಹರಾದ ಕಪ್‌ನಲ್ಲಿ ಈ ಗೊಂದಲ ಹೆಚ್ಚು, ತೆರೆಯದ್ದನ್ನು ವಾಪಸ್ ಇಡುವ ಆಸೆ ಸಹಜ. ಆದ್ದರಿಂದ ಬಂದವರನ್ನು ಎಣಿಸಿ, ನಾಲ್ಕೈದು ಹೆಚ್ಚಿಗೆ ಮಾತ್ರ ಮೇಜಿಗೆ ತನ್ನಿ. ತೆರೆದ ಕಪ್‌ಗಳ ತಳದಲ್ಲೂ ಫಾಯಿಲ್‌ನಲ್ಲೂ ಹನಿಗಳು ಉಳಿದಿರುತ್ತವೆ. ಅವನ್ನು ಕಾಲಡಿಯ ಕಸದಂತೆ ಬಿಡದೆ, ಪ್ರತಿ ಸಾಲಿನ ಕೊನೆಗೆ ಬಟ್ಟೆ ಹಾಸಿದ ಬುಟ್ಟಿ ಇಟ್ಟು ಸಂಗ್ರಹಿಸಿ.

ರೋಗಿಗಳ ಬಳಿಗೆ ಹೋಗುವಾಗ ಇದೇ ಕಪ್ ಬಹಳ ನೆರವಾಗುತ್ತದೆ. ಚೀಲದಲ್ಲಿ ಚೆಲ್ಲುವುದಿಲ್ಲ, ಫ್ರಿಜ್ ಬೇಡ, ಸೋಂಕಿನ ಭಯವಿರುವ ವಾರ್ಡಿನಲ್ಲೂ ಮೊಹರು ಧೈರ್ಯ ಕೊಡುತ್ತದೆ. ಮೊದಲು ನರ್ಸನ್ನು ಕೇಳಿ: ಬಾಯಿಂದ ಏನೂ ಕೊಡಬಾರದೆಂದು ಹೇಳಿದ್ದಾರೆಯೇ, ನುಂಗಲು ತೊಂದರೆಯಿದೆಯೇ? ಒಣ ಬಿಲ್ಲೆ ಗಂಟಲಿಗೆ ಅಂಟಿಕೊಳ್ಳುತ್ತದೆ, ನುಂಗುವ ತೊಂದರೆ ಇರುವವರಿಗೆ ತೆಳುವಾದ ರಸವೂ ಶ್ವಾಸನಾಳಕ್ಕೆ ಇಳಿಯಬಹುದು. ನರ್ಸ್ ಒಪ್ಪಿದರೆ ಬಿಲ್ಲೆಯ ಕಾಲು ಭಾಗವನ್ನು ರಸದಲ್ಲಿ ಅದ್ದಿ ಮೆತ್ತಗಾದ ಮೇಲೆ ಕೊಡಿ. ಕಪ್ಪನ್ನು ನೀವೇ ತೆರೆಯಿರಿ. ನಿಮ್ಮದೊಂದನ್ನೂ ಒಯ್ದು ಅವರ ಜೊತೆಯಲ್ಲೇ ತೆಗೆದುಕೊಳ್ಳಿ, ಅಲ್ಲಿ ಇಬ್ಬರು ಸೇರಿದರೂ ಸಭೆಯೇ.

ಕೊಳ್ಳುವಾಗ ವರ್ಷಕ್ಕಾಗುವಷ್ಟು ದೊಡ್ಡ ಪೆಟ್ಟಿಗೆಯ ಆಸೆಗೆ ಬೀಳಬೇಡಿ. ಭೇಟಿ ಮಾಡಬೇಕಾದ ಮನೆಗಳನ್ನು ಲೆಕ್ಕ ಹಾಕಿ, ಆರು ತಿಂಗಳಿಗೆ ಸಾಕಾಗುವಷ್ಟು ಸಣ್ಣ ಪೊಟ್ಟಣ ತರಿಸಿ, ಮುಕ್ತಾಯದ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಹೊರಗೆ ಬರೆದು ತಂಪಾದ ಕತ್ತಲೆ ಕಪಾಟಿನಲ್ಲಿಡಿ. ಬಂದ ದಿನವೇ ಒಂದು ಕಪ್ ತೆರೆದು ರಸದ ಬಣ್ಣ, ಬಿಲ್ಲೆಯ ಗರಿಗರಿ, ಚುಂಗು ಬಿಟ್ಟುಕೊಳ್ಳುವ ಬಗೆ ನೋಡಿ. ಸರಿಯಿಲ್ಲದಿದ್ದರೆ ಪೂರ್ತಿ ಪೊಟ್ಟಣವನ್ನು ಆಗಲೇ ಹಿಂದಿರುಗಿಸಿ.