ಕಲಬುರಗಿಯ ಡಿಟಿಪಿ ಅಂಗಡಿ: ಆರೋಗ್ಯ ಬೋರ್ಡ್ ಮಾಡಿಸುವವರಿಗೆ

ಸೂಪರ್ ಮಾರ್ಕೆಟ್ ಕಡೆಯ ಈ ಅಂಗಡಿಗೆ ಐದಕ್ಕೆ ನಾಲ್ಕು ಸ್ಟಾರ್. ಫ್ಲೆಕ್ಸ್ ಮುದ್ರಣ ಚೊಕ್ಕ. ಹೆಚ್ಚಿನ ಅಂಕ ಮಾತ್ರ ಇಲ್ಲಿ ಪ್ರೂಫ್ ನೋಡುವವರಿಗೆ ಸಲ್ಲಬೇಕು.

'ಡೆಂಗಿ ಸಾಂಕ್ರಾಮಿಕ ರೋಗ, ಎಚ್ಚರ!' ಎಂದು ಬರೆದುಕೊಟ್ಟರೆ ಅವರು ಅಲ್ಲೇ ತಡೆಯುತ್ತಾರೆ. ತಡೆಯುವುದೇ ಸರಿ. ಸಾಂಕ್ರಾಮಿಕದ ಬೇರು ಸಂಸ್ಕೃತದ ಸಂ + ಕ್ರಮ್, ಅಂದರೆ ದಾಟುವುದು. ಸಂಕ್ರಾಂತಿಯದೂ ಅದೇ ಬೇರು: ಅಲ್ಲಿ ಸೂರ್ಯ ರಾಶಿ ದಾಟುತ್ತಾನೆ, ಇಲ್ಲಿ ಬ್ಯಾನಿ ಮೈಯಿಂದ ಮೈಗೆ ದಾಟುತ್ತದೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ಕಲಬುರಗಿಯಿಂದಲೇ. ಹಾಗಾಗಿ 'ಸಾಂಕ್ರಾಮಿಕ' ಎಂಬ ಪದ ಕಂಡರೆ ಇಲ್ಲಿನವರು ಮೊದಲು ರೋಗಿಯಿಂದ ದೂರ ಸರಿಯುತ್ತಾರೆ. ಡೆಂಗಿಗೆ ಅದರಿಂದ ಏನೂ ಆಗದು. ಅದನ್ನು ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ಮುಚ್ಚಳವಿಲ್ಲದ ಬ್ಯಾರೆಲ್‌ನಲ್ಲಿ ಮೊಟ್ಟೆ ಇಡುತ್ತದೆ. ಅಂಗಡಿಯವರು ಕೊಟ್ಟ ಬದಲಿ ಸಾಲು: 'ಡೆಂಗಿ ಮುಟ್ಟಿದ್ರ ಹತ್ತಂಗಿಲ್ಲ, ಸೊಳ್ಳಿ ಕಡಿದ್ರ ಬರ್ತದ. ವಾರಕ್ಕೊಮ್ಮೆ ಬ್ಯಾರೆಲ್ ಖಾಲಿ ಮಾಡಿ ತಿಕ್ಕಿರಿ.'

'ಹತ್ತು' ಎಷ್ಟು ಚಂದದ ಕ್ರಿಯಾಪದ! ಬೆಂಕಿ ಹತ್ತುತ್ತದೆ, ಕಜ್ಜಿಯೂ ಹತ್ತುತ್ತದೆ. ಕಜ್ಜಿ, ಕಣ್ಣುಬ್ಯಾನಿಯ ಬೋರ್ಡಿಗೆ ಇದನ್ನೋ 'ಅಂಟು' ಎಂಬುದನ್ನೋ ಹಾಕಿಸಿ. 'ಸೋಂಕು' ಇನ್ನೂ ಅಗಲ. ಹಳಗನ್ನಡದಲ್ಲಿ, ವಚನಗಳಲ್ಲಿ ಅದು ಬರೀ ಸ್ಪರ್ಶ. ತೆಲುಗಿನ 'ಸೋಕು' ಅದರ ನಂಟಿನದೇ. ಈಗ ರೋಗಾಣು ಮೈ ಹೊಕ್ಕಿದ್ದಕ್ಕೆಲ್ಲ ಸೋಂಕು ಅನ್ನುತ್ತೇವೆ. ಹಾಗಾಗಿ ಧನುರ್ವಾಯು ಸೋಂಕು ಹೌದು, ಹತ್ತುವ ಬ್ಯಾನಿ ಅಲ್ಲ. ಬೀದರ್ ಕಡೆಯ ಉರ್ದು ಬೋರ್ಡಿಗೆ 'ವಬಾ' ಕೇಳುವವರು ಗಮನಿಸಿ: ಅದು ಊರಿಗೆ ಊರೇ ಮಲಗಿಸುವ ಪಿಡುಗಿನ ಮಾತು, ಒಂದು ಮನೆಯ ಕಜ್ಜಿಗೆ ಹೊಂದದು.

ಒಂದು ಸ್ಟಾರ್ ಕಳೆದದ್ದು ಫಾಂಟಿಗೆ. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನ ಫೈಲನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ. ವಿನ್ಯಾಸದ ತಂತ್ರಾಂಶ ಕೋರೆಲ್‌ನಲ್ಲಿ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಬರೀ ಆಕೃತಿಗೆ, ಬದಲಿಸಿಯೇ ಕಳಿಸಬೇಕು, ಗಡಿಬಿಡಿಯಲ್ಲಿ ಅದನ್ನು ಇಲ್ಲಿ ಮರೆಯುತ್ತಾರೆ. ಮುದ್ರಣಕ್ಕೆ ಹೂಂ ಅನ್ನುವ ಮೊದಲು 'ಕ್ರಾ'ದ ಒತ್ತು 'ಕ' ಅಕ್ಷರದ ಕೆಳಗೇ ಇದೆಯಾ, 'ಸೋಂಕು' ಹೋಗಿ 'ಸೊಂಕು' ಆಗಿದೆಯಾ ನೋಡಿಕೊಳ್ಳಿ. ಹತ್ತು ಅಡಿ ದೂರಕ್ಕೆ ಒಂದಿಂಚು ಅಕ್ಷರ ಎಂಬ ಲೆಕ್ಕ ಹಿಡಿಯಿರಿ. ರಸ್ತೆಯಾಚೆ ಮೂವತ್ತು ಅಡಿಯಿಂದ ಓದಿಸಬೇಕಾದರೆ ಮೂರಿಂಚು ಬೇಕು, ಬೋರ್ಡಿನಲ್ಲಿ ಎರಡು ಮೂರು ಸಾಲಿಗಿಂತ ಹೆಚ್ಚು ತುರುಕಬೇಡಿ.