ಡ್ಯಾಂ ಅಂಗಳಕ್ಕೆ ಯಾವ ಗಾಡಿ? ಮೊಪೆಡ್, ಬೈಕ್, ಜೀಪ್, ಟ್ರ್ಯಾಕ್ಟರ್ ಓಡಿಸಿ ನೋಡಿದ ಮೇಲೆ

ಸಂಕ್ರಾಂತಿ ಕಳೆದರೆ ತುಂಗಭದ್ರಾ ಡ್ಯಾಂ ನೀರು ದಡ ಬಿಟ್ಟು ಹಿಂದೆ ಸರಿಯುತ್ತಾ ಹೋಗುತ್ತದೆ. ಮೇ ಹೊತ್ತಿಗೆ ಕೊಪ್ಪಳ ಕಡೆಯ ಹಿನ್ನೀರಿನಲ್ಲಿ ಮಳೆಗಾಲದ ದಡ ಎಲ್ಲೋ, ನೀರು ಎಲ್ಲೋ. ನಡುವೆ ಕಣ್ಣಿಗೆ ಕಾಣುವಷ್ಟು ದೂರ ಬರೀ ಬಯಲು, ಅದೇ ಡ್ಯಾಂ ಅಂಗಳ. ಗಾಳ, ಎರೆಹುಳದ ಡಬ್ಬಿ, ನೀರಿನ ಕ್ಯಾನು, ಬುತ್ತಿ, ಕೊಡೆ ಎಲ್ಲ ಹೊತ್ತುಕೊಂಡು ಆ ಬಿಸಿಲಲ್ಲಿ ನಡೆಯೋದು ಕಷ್ಟ. ಅದಕ್ಕೇ ಮೀನಿಗೆ ಹೋಗುವವರೆಲ್ಲ ಅಂಗಳಕ್ಕೆ ಗಾಡಿ ಇಳಿಸುತ್ತಾರೆ. ಯಾವ ಗಾಡಿ ಒಳ್ಳೆಯದು ಅನ್ನೋದು ಮುನಿರಾಬಾದ್, ಹುಲಿಗಿ ಕಡೆಯ ಚಹಾ ಅಂಗಡಿಗಳಲ್ಲಿ ಪ್ರತಿ ಬೇಸಿಗೆಯ ಜಗಳ.

ನಾನು ನಾಲ್ಕರಲ್ಲೂ ಹೋಗಿದ್ದೇನೆ. ಮೊಪೆಡ್ ಮತ್ತು ಬೈಕ್ ಮನೆಯವು, ಜೀಪ್ ಮತ್ತು ಟ್ರ್ಯಾಕ್ಟರ್ ಗೆಳೆಯರವು. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಅಂಗಳದಲ್ಲಿ ಇಂಜಿನ್ ಶಕ್ತಿ ಲೆಕ್ಕಕ್ಕೇ ಬರುವುದಿಲ್ಲ. ಗಾಡಿ ಎಷ್ಟು ಹಗುರ, ಸಿಕ್ಕಿಕೊಂಡರೆ ಇಬ್ಬರು ಎತ್ತಬಹುದಾ, ಇಷ್ಟೇ ಲೆಕ್ಕ. ಮತ್ತೆ, ಯಾವ ಗಾಡಿಯೂ ನೀರಿನ ಅಂಚಿನವರೆಗೆ ಹೋಗಬಾರದು.

ಗಾಡಿಗಿಂತ ಮೊದಲು ನೆಲ ನೋಡಬೇಕು. 1953ರ ಸುಮಾರಿಗೆ ಡ್ಯಾಂ ಕಟ್ಟಿ ಮುಗಿಸಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಈಗಿನ ಲೆಕ್ಕ 105 ಟಿಎಂಸಿ ಆಸುಪಾಸು. ಉಳಿದ ಜಾಗ ತುಂಬಿರೋದು ಹೂಳು. ಹೊಳೆ ಹೊತ್ತು ತಂದ ನುಣ್ಣನೆ ಮಣ್ಣು, ಅದರಲ್ಲಿ ಎರೆಮಣ್ಣೇ ಜಾಸ್ತಿ. ನಾವು ಗಾಡಿ ಓಡಿಸೋದು ಇದರ ಮೇಲೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಆದರೆ ಒಣಗೋದು ಮೇಲಿನಿಂದ. ಮೇಲೆ ಹಕ್ಕಳೆ ಗಟ್ಟಿಯಾಗಿ ಕೂತಿರುತ್ತದೆ, ಅದರ ಕೆಳಗೆ ಇನ್ನೂ ರಾಡಿ.

ದಡದಿಂದ ನೀರಿನ ಕಡೆಗೆ ನಡೆದರೆ ನೆಲ ಪಟ್ಟಿ ಪಟ್ಟಿಯಾಗಿ ಬದಲಾಗುತ್ತದೆ. ಮೊದಲು ಬಳ್ಳಾರಿ ಜಾಲಿ, ಹುಲ್ಲು, ದನದ ದಾರಿ. ಇಲ್ಲಿ ಲಾರಿ ಬೇಕಾದರೂ ಹೋದೀತು. ಆಮೇಲೆ ಅಂಗೈ ಅಗಲದ ಬಿರುಕು ಬಿಟ್ಟ ಬೂದು ಬಣ್ಣದ ದೊಡ್ಡ ದೊಡ್ಡ ಹೆಂಟೆಗಳು. ಬಿರುಕು ಆಳವಾಗಿದೆ ಅಂದರೆ ಒಣಗು ಕೆಳಗೂ ಇಳಿದಿದೆ ಅಂತ ಅರ್ಥ, ಇದೂ ಪರವಾಗಿಲ್ಲ. ಮೂರನೆಯದೇ ಮೋಸದ ಜಾಗ. ಬಿರುಕು ಸಣ್ಣ, ಹಕ್ಕಳೆ ತೆಳು, ಅಂಚು ಹಪ್ಪಳದ ಥರ ಮೇಲೆ ಮಡಚಿರುತ್ತದೆ. ನೋಡೋಕೆ ಎರಡನೇ ಪಟ್ಟಿಗಿಂತ ಸಮತಟ್ಟು, ಗಾಡಿ ಓಡಿಸೋಕೆ ಕೈ ತುರಿಸುತ್ತದೆ. ಕೋಲು ಚುಚ್ಚಿದರೆ ಒಂದು ಗೇಣು ಗಟ್ಟಿ, ಆಮೇಲೆ ಸರ್ರನೆ ಇಳಿಯುತ್ತದೆ. ನಾಲ್ಕನೆಯದು ಹೊಳೆಯುವ ಕರಿ ಕೆಸರು, ಅಲ್ಲಿ ಕಾಲೇ ಹೂತುಕೊಳ್ಳುತ್ತದೆ.

ಅಮೆರಿಕದ ಮಿನ್ನೆಸೋಟಾದಲ್ಲಿರುವ ನನ್ನ ಸೋದರಳಿಯನ ಜೊತೆ ಇದನ್ನೇ ಮಾತಾಡುತ್ತಿದ್ದೆ. ಅಲ್ಲಿ ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ ಜನ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಸಣ್ಣ ಗಾಡಿ), ಕಾರು, ಪಿಕಪ್ ಎಲ್ಲ ಮಂಜುಗಡ್ಡೆ ಮೇಲೇ ಓಡಿಸಿಕೊಂಡು ಹೋಗಿ, ತೂತು ಕೊರೆದು ಗಾಳ ಹಾಕುತ್ತಾರೆ. ಅಲ್ಲಿನ ಸರ್ಕಾರವೇ ಅಳತೆ ಕೊಟ್ಟಿದೆ. ಹೊಸದಾಗಿ ಕಟ್ಟಿದ ತಿಳಿ ಮಂಜುಗಡ್ಡೆ ಆದರೆ ನಡೆಯೋಕೆ 4 ಇಂಚು, ಸ್ನೋಮೊಬೈಲ್‌ಗೆ 5ರಿಂದ 6, ಸಣ್ಣ ಕಾರಿಗೆ 9ರಿಂದ 10, ದೊಡ್ಡ ಪಿಕಪ್‌ಗೆ 13 ಇಂಚು. ಮಂಜುಗಡ್ಡೆ ಬೆಳ್ಳಗಿದ್ದರೆ ಅದರ ಎರಡರಷ್ಟು ದಪ್ಪ ಬೇಕು. ಎಷ್ಟೇ ದಪ್ಪ ಇದ್ದರೂ ಪೂರ್ತಿ ನಂಬಬೇಡಿ ಅಂತಲೂ ಹೇಳುತ್ತಾರೆ. ಕಾರು ತಗೊಂಡು ಹೋಗುವವರು ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿಕೊಂಡೇ ಓಡಿಸಬೇಕಂತೆ, ಮುಳುಗಿದರೆ ಹೊರಗೆ ಬರೋಕೆ. ನಮ್ಮಲ್ಲಿ ಅಂಥ ಪಟ್ಟಿ ಯಾರೂ ಬರೆದಿಲ್ಲ. ಆದರೆ ಅವರು ಬಣ್ಣ ನೋಡಿ, ಕೊರೆದು ಅಳೆದು, ಆಮೇಲೆ ಗಾಡಿ ಇಳಿಸುತ್ತಾರಲ್ಲ, ಆ ಕ್ರಮ ನಮಗೂ ಬೇಕು.

ನಮ್ಮ ಕಡೆ ಅಳತೆಗೋಲು ಎಮ್ಮೆ. ನಾಲ್ಕೈದು ಕ್ವಿಂಟಾಲ್ ತೂಕ, ಸಣ್ಣ ಗೊರಸು. ಎಮ್ಮೆ ನಡೆದ ಹಸಿ ಹೆಜ್ಜೆ ಎರಡು ಬೆರಳಿಗಿಂತ ಆಳ ಇಲ್ಲದಿದ್ದರೆ ಮೊಪೆಡ್ ಹೋಗುತ್ತದೆ. ಗೊರಸು ಗೆಣ್ಣಿನವರೆಗೆ ಇಳಿದು, ಹೆಜ್ಜೆಯಲ್ಲಿ ನೀರು ಒಸರಿದ್ದರೆ ಗಾಡಿ ಅಲ್ಲೇ ನಿಲ್ಲಿಸಬೇಕು. ಹೋದ ವಾರದ ಹೆಜ್ಜೆ ನೋಡಿ ಮೋಸ ಹೋಗಬೇಡಿ, ಅದು ಆಗಿನ ನೆಲದ ಲೆಕ್ಕ.

ಈಗ ಗಾಡಿಗಳಿಗೆ ಬರೋಣ.

ಜೀಪಿನ ಬಗ್ಗೆ ಎಲ್ಲರಿಗೂ ದೊಡ್ಡ ನಂಬಿಕೆ. ಫೋರ್ ವೀಲ್ ಡ್ರೈವ್ ಇದೆ, ಎಲ್ಲಿ ಬೇಕಾದರೂ ಹೋಗುತ್ತದೆ ಅಂತ. ಮೊದಲ ಎರಡು ಪಟ್ಟಿಯಲ್ಲಿ ಅದರಷ್ಟು ಆರಾಮ ಯಾವುದೂ ಇಲ್ಲ, ನಿಜ. ಐದು ಜನ, ಎಲ್ಲ ಸಾಮಾನು, ಕೂರೋಕೆ ನೆರಳು. ಟೈರಿನ ಗಾಳಿ 18 ಪೌಂಡಿಗೆ ಇಳಿಸಿದರೆ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ. ಆದರೆ ಒಂದೂವರೆ ಟನ್ ದಾಟಿದ ಗಾಡಿ ಅದು. ಹಕ್ಕಳೆ ಒಡೆದರೆ ನಾಲ್ಕು ಚಕ್ರ ತಿರುಗಿದರೂ ಹಿಡಿಯೋಕೆ ಕೆಳಗೆ ನೆಲವೇ ಇರೋದಿಲ್ಲ, ತಿರುಗಿದಷ್ಟೂ ಗುಂಡಿ ತೋಡಿಕೊಳ್ಳುತ್ತದೆ. ಸುತ್ತ ಹಗ್ಗ ಕಟ್ಟೋಕೆ ಒಂದು ಮರವೂ ಇಲ್ಲದ ಬಯಲು ಬೇರೆ. ನನ್ನ ಪ್ರಕಾರ ಜೀಪ್ ಬಳ್ಳಾರಿ ಜಾಲಿ ಸಾಲು ದಾಟಬಾರದು.

ಟ್ರ್ಯಾಕ್ಟರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಗದ್ದೆಯ ಕೆಸರಲ್ಲಿ ಟ್ರ್ಯಾಕ್ಟರ್ ಓಡೋದನ್ನು ದಿನಾ ನೋಡುವ ಜನ ನಾವು. ಗದ್ದೆಯಲ್ಲಿ ಓಡುತ್ತೆ, ಅಂಗಳದಲ್ಲಿ ಯಾಕೆ ಓಡಲ್ಲ ಅಂತ ಕೇಳುತ್ತಾರೆ. ಗದ್ದೆಯಲ್ಲಿ ಮೇಲಿನ ಕೆಸರಿನ ಕೆಳಗೆ ವರ್ಷಾನುಗಟ್ಟಲೆ ತುಳಿದು ಗಟ್ಟಿಯಾದ ಪದರ ಇರುತ್ತದೆ, ಚಕ್ರ ಅದರ ಮೇಲೆ ನಿಲ್ಲುತ್ತದೆ. ಡ್ಯಾಂ ಹೂಳಿನಲ್ಲಿ ಆ ತಳ ಇಲ್ಲ. ಇನ್ನೊಂದು, ಟೈರಿನಲ್ಲಿ ಎಷ್ಟು ಗಾಳಿ ಇದೆಯೋ ಹೆಚ್ಚುಕಡಿಮೆ ಅಷ್ಟೇ ಒತ್ತಡ ನೆಲದ ಮೇಲೆ ಬೀಳುತ್ತದೆ. ಬೈಕಿನ ಹಿಂದಿನ ಟೈರಿಗೆ 30 ಪೌಂಡ್, ಟ್ರ್ಯಾಕ್ಟರಿನ ದೊಡ್ಡ ಟೈರಿಗೆ ಅದರ ಅರ್ಧ. ಹಾಗಾಗಿ ಹಕ್ಕಳೆಯ ಮೇಲಿನ ಮೈಗೆ ಟ್ರ್ಯಾಕ್ಟರೇ ಹಗುರ. ಆದರೆ ಎರಡು ಟನ್ ಭಾರ ಅಲ್ಲಿಗೇ ನಿಲ್ಲೋದಿಲ್ಲ, ಆಳಕ್ಕೆ ಇಳಿಯುತ್ತದೆ, ಕೆಳಗಿನ ರಾಡಿಯನ್ನೇ ಒತ್ತುತ್ತದೆ. ಬೈಕಿನ ಭಾರ ಮೇಲಿನ ಒಂದು ಗೇಣಿನಲ್ಲೇ ಮುಗಿದುಹೋಗುತ್ತದೆ.

ಗೆಳೆಯನ ಟ್ರ್ಯಾಕ್ಟರ್ ಹೂತುಕೊಂಡಾಗ ನಾನು ಪಕ್ಕದಲ್ಲೇ ಇದ್ದೆ. ಮುಂದಿನ ಚಕ್ರ ಆರಾಮಾಗಿ ದಾಟಿತು. ಹಿಂದಿನ ಎಡ ಚಕ್ರದ ಅಡಿ ಹಕ್ಕಳೆ ಟಪ್ ಅಂತ ಒಡೆಯಿತು. ಒಡೆದ ಕಡೆಯಿಂದ ಕಪ್ಪು ರಾಡಿ ಉಕ್ಕಿ ಬಂತು, ಕೊಳೆತ ಪಾಚಿಯ ವಾಸನೆ. ಅವನು ಆಕ್ಸಿಲರೇಟರ್ ಕೊಟ್ಟ, ಚಕ್ರದ ಗುಬ್ಬುಗಳೆಲ್ಲ ಮಣ್ಣಿಂದ ತುಂಬಿ ಟೈರು ನುಣ್ಣಗಾಯಿತು. ಇನ್ನೆರಡು ಸಲ ಕೊಟ್ಟ, ಆಕ್ಸಲ್ ನೆಲಕ್ಕೆ ಕೂತಿತು. ಆಗ ಯಾರೋ ಒಬ್ಬರು ಹಿಂದಿನ ಎರಡೂ ಚಕ್ರಕ್ಕೆ ಅಡ್ಡ ದಿಮ್ಮಿ ಕಟ್ಟೋಣ ಅಂದರು. ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಚಕ್ರ ತಿರುಗದೆ ಹಿಡಿದುಕೊಂಡರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ, ಓಡಿಸುವವನು ಅಡಿಗೆ. ನಾವು ಸುಮ್ನೆ ಕೂತು ಇನ್ನೊಂದು ಟ್ರ್ಯಾಕ್ಟರ್ ಬರೋವರೆಗೆ ಕಾದೆವು. ಅದನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ, ಉದ್ದ ಹಗ್ಗ ಹಾಕಿ ಎಳೆದದ್ದು. ಸಂಜೆಯಾಗಿತ್ತು.

ಟ್ರೇಲರಿನಲ್ಲಿ ಹರಿಗೋಲು, ಬಲೆ ತರುವ ಮೀನುಗಾರರಿಗೆ ಟ್ರ್ಯಾಕ್ಟರ್ ಬಿಟ್ಟರೆ ಗತಿ ಇಲ್ಲ, ಒಪ್ಪುತ್ತೇನೆ. ಅವರಿಗೆ ದಾರಿ ಗೊತ್ತು, ವರ್ಷವೂ ಅದೇ ಗೀಟಿನಲ್ಲಿ ಹೋಗುತ್ತಾರೆ. ಗಾಳ ಹಾಕೋಕೆ ಹೋಗುವ ನಮಗೆ ಅದು ಬೇಡ.

ಬೈಕು ನನಗೆ ತುಂಬ ದಿನ ಇಷ್ಟದ್ದಾಗಿತ್ತು. ನೂರಹತ್ತು ನೂರಿಪ್ಪತ್ತು ಕೆಜಿ ತೂಕ, ಚಕ್ರ ದೊಡ್ಡದು. ಬಿರುಕಿನ ಪಟ್ಟಿಯಲ್ಲಿ ಅದರಷ್ಟು ಚೆನ್ನಾಗಿ ದಾಟುವ ಗಾಡಿ ಇಲ್ಲ. ಬಿರುಕಿನ ಗುಂಟ ಹೋಗದೆ ಅಡ್ಡಡ್ಡ ಹೊಡೆದರೆ ಸಾಕು. ತೊಂದರೆ ಎಲ್ಲ ಮಡ್‌ಗಾರ್ಡಿನಲ್ಲಿ. ಸ್ವಲ್ಪ ಹಸಿ ಇದ್ದರೂ ಎರೆಮಣ್ಣು ಟೈರಿಗೆ ಸುತ್ತಿ, ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದುಬಿಡುತ್ತದೆ. ಕಡ್ಡಿ ಹಾಕಿ ಕೆದಕುತ್ತಾ ಕೂರಬೇಕು. ಮುಂದಿನ ಮಡ್‌ಗಾರ್ಡ್ ಬಿಚ್ಚಿಟ್ಟು ಹೋದರೆ ಎಷ್ಟೋ ವಾಸಿ. ಸೈಡ್ ಸ್ಟ್ಯಾಂಡ್ ಅಡಿಗೆ ಒಂದು ಹಲಗೆ ತುಂಡು ಇಡಲೇಬೇಕು, ಇಲ್ಲದಿದ್ದರೆ ನೀವು ಗಾಳ ಹಾಕುವಷ್ಟರಲ್ಲಿ ಗಾಡಿ ಮಲಗಿರುತ್ತದೆ.

ಈಗ ನಾನು ಒಯ್ಯೋದು ಮೊಪೆಡ್. ಹಾಲಿನವರು, ತರಕಾರಿಯವರು ಓಡಿಸುವ ಅದೇ ಟಿವಿಎಸ್ ಗಾಡಿ. ತೂಕ 90 ಕೆಜಿ ಒಳಗೆ. ಸಿಕ್ಕಿಕೊಂಡರೆ ಇಬ್ಬರು ಹಿಂದೆ ಮುಂದೆ ಹಿಡಿದು ಎತ್ತಿ ಪಕ್ಕಕ್ಕಿಡಬಹುದು, ಒಬ್ಬನೇ ಇದ್ದರೆ ಮಲಗಿಸಿ ಎಳೆಯಬಹುದು. ಗೇರ್ ಇಲ್ಲ, ಕ್ಲಚ್ ತಾನೇ ಹಿಡಿಯುತ್ತದೆ. ಹಾಗಾಗಿ ಎಳೆತ ಜರ್ಕ್ ಇಲ್ಲದೆ ನಿಧಾನ ಬರುತ್ತದೆ. ಹಕ್ಕಳೆ ಮೇಲೆ ಬೇಕಾದದ್ದೇ ಅದು, ಬೈಕಿನಲ್ಲಿ ಕ್ಲಚ್ ಬಿಡುವಾಗ ಆಗುವ ಸಣ್ಣ ಜಗ್ಗಿಗೇ ಹಿಂದಿನ ಚಕ್ರ ಮಣ್ಣು ಕೀಳುತ್ತದೆ. ಕಾಲಿಡುವ ಜಾಗದಲ್ಲಿ ಮೀನಿನ ಡಬ್ಬಿ, ಹಿಂದೆ ಸಾಮಾನಿನ ಚೀಲ. ಕೊರತೆ ಅಂದರೆ ಚಕ್ರ ಚಿಕ್ಕದು, ಅಂಗೈ ಅಗಲದ ಬಿರುಕು ಬಂದಾಗ ಇಳಿದು ತಳ್ಳಿ ದಾಟಿಸಬೇಕು. ಇಬ್ಬರು ಕೂತರೆ ಮೊಪೆಡ್ಡಿನ ಲಾಭ ಅರ್ಧ ಹೋಯಿತು. ಒಬ್ಬ ಓಡಿಸಲಿ, ಇನ್ನೊಬ್ಬ ಕೋಲು ಹಿಡಿದು ಮುಂದೆ ನಡೆಯಲಿ. ಎಲೆಕ್ಟ್ರಿಕ್ ಸ್ಕೂಟರ್ ಕೇಳಬೇಡಿ. ಭಾರ ಜಾಸ್ತಿ, ಚಕ್ರ ಇನ್ನೂ ಸಣ್ಣದು, ಹೊಟ್ಟೆ ನೆಲಕ್ಕೆ ತಾಗುತ್ತದೆ.

ನಾಲ್ಕಕ್ಕೂ ಸಮಾನ ಶತ್ರು ಬಳ್ಳಾರಿ ಜಾಲಿ ಮುಳ್ಳು. ಒಣಗಿದ ಮುಳ್ಳು ಹೂಳಲ್ಲಿ ಅರ್ಧ ಹೂತಿರುತ್ತದೆ, ಕಾಣೋದೇ ಇಲ್ಲ. ಟ್ಯೂಬ್‌ಲೆಸ್ ಟೈರ್ ಇದ್ದರೆ ಮುಳ್ಳು ಕೀಳದೆ ಹಾಗೇ ಊರು ಸೇರಬಹುದು, ಟ್ಯೂಬ್ ಆದರೆ ಅಲ್ಲೇ ಕೂತಿತು. ಕೈ ಪಂಪ್, ಪಂಕ್ಚರ್ ಸಾಮಾನು ಇಲ್ಲದೆ ಇಳಿಯಬೇಡಿ.

ಮಳೆ ಬಂದರೆ ಈ ಹೋಲಿಕೆಯೇ ಮುಗಿಯಿತು. ಮೇ ಮಧ್ಯಾಹ್ನ ಗಾಳಿ ಎದ್ದು ಹತ್ತು ನಿಮಿಷ ಹನಿ ಬಿದ್ದರೂ ಮೇಲಿನ ಎರೆಮಣ್ಣು ಅಂಟಾಗುತ್ತದೆ, ಒಂದು ಗಾಡಿಯೂ ಅಲುಗುವುದಿಲ್ಲ. ಪಡುವಣದಲ್ಲಿ ಮೋಡ ಕಪ್ಪಾದರೆ ಮೀನು ಕಚ್ಚುತ್ತಿದ್ದರೂ ಎದ್ದುಬಿಡಿ. ಸಿಡಿಲಿಗೆ ಆ ಬಯಲಲ್ಲಿ ನಿಮಗಿಂತ ಎತ್ತರದ್ದು ಏನೂ ಇರೋದಿಲ್ಲ.

ಇನ್ನೊಂದು ಮಾತು, ಇದು ನನಗೆ ಗಾಡಿಗಿಂತ ಮುಖ್ಯ. ಬೇಸಿಗೆಯಲ್ಲಿ ಟಿಟ್ಟಿಭ, ರೀವ ಹಕ್ಕಿಗಳು ಇದೇ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಗೂಡು ಅಂತ ಕಟ್ಟೋದಿಲ್ಲ. ಸಣ್ಣ ಗುಳಿ, ಅದರಲ್ಲಿ ಮಣ್ಣಿನ ಬಣ್ಣದ ಮೂರ್ನಾಲ್ಕು ಮೊಟ್ಟೆ. ನಾನು ಬಗ್ಗಿ ನೋಡುತ್ತಿದ್ದಾಗಲೂ ಕಲ್ಲು ಯಾವುದು, ಮೊಟ್ಟೆ ಯಾವುದು ತಿಳಿಯಲಿಲ್ಲ. ಜೀಪಿನ ಸೀಟಿನಿಂದ ಯಾರಿಗೆ ಕಂಡೀತು? ತಲೆ ಮೇಲೆ ಹಕ್ಕಿ ಕಿರುಚುತ್ತಾ ಸುತ್ತುತ್ತಿದೆ ಅಂದರೆ ನೀವು ಗೂಡಿನ ಹತ್ತಿರ ಇದ್ದೀರಿ, ಗಾಡಿ ನಿಲ್ಲಿಸಿ, ಬಂದ ಗೀಟಿನಲ್ಲೇ ಹಿಂದೆ ಬನ್ನಿ. ಹೊಸ ಗೀಟು ಎಳೆಯದೆ ದನದ ದಾರಿಯಲ್ಲೇ ಓಡಿಸಿದರೆ ಎಷ್ಟೋ ಮೊಟ್ಟೆ ಉಳಿಯುತ್ತವೆ. ಆಳವಿಲ್ಲದ ನೀರಲ್ಲಿ ರಾಜಹಂಸಗಳು (ಫ್ಲೆಮಿಂಗೊ) ಮೇಯುತ್ತಿದ್ದರೆ ಇಂಜಿನ್ ಸದ್ದಿಗೇ ಇಡೀ ಹಿಂಡು ಎದ್ದುಹೋಗುತ್ತದೆ. ಗಾಡಿಯನ್ನು ಆ ನೀರಲ್ಲಿ ತೊಳೆಯುವವರಿಗಂತೂ ಕೈ ಮುಗಿದು ಕೇಳುತ್ತೇನೆ, ಬೇಡ. ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಜನ ಕುಡಿಯೋ ನೀರು ಅದು. ಮೀನು ಹಿಡಿಯೋಕೆ ಪರವಾನಗಿ ಬೇಕಾ, ಯಾವ ಜಾಗಕ್ಕೆ ಪ್ರವೇಶ ಇಲ್ಲ ಅನ್ನೋದನ್ನೂ ಮೊದಲೇ ವಿಚಾರಿಸಿಕೊಂಡು ಹೋಗಿ.

ಹಾಗಾದರೆ ಕೊನೆಯ ಎರಡು ಪಟ್ಟಿ ದಾಟೋದು ಹೇಗೆ? ಸೋದರಳಿಯನ ಊರಲ್ಲಿ ಮಂಜುಗಡ್ಡೆ ತೆಳುವಾಗಿದ್ದಾಗ ಗಾಡಿ ದಡದಲ್ಲೇ ಬಿಟ್ಟು, ಸಾಮಾನನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ಹೋಗುತ್ತಾರೆ. ಅದನ್ನು ಕೇಳಿ ನಾನು ಸಂತೆಯಲ್ಲಿ ಸಿಗುವ ಅಗಲ ತಳದ ಪ್ಲಾಸ್ಟಿಕ್ ಟಬ್ಬಿಗೆ ಹಗ್ಗ ಕಟ್ಟಿದೆ. ಒಣ ಹೆಂಟೆ ಮೇಲೆ ಅದು ಕುಣಿಯುತ್ತದೆ, ಉಪಯೋಗ ಇಲ್ಲ. ಹಕ್ಕಳೆ ಮತ್ತು ಹಸಿ ಕೆಸರಿನ ಮೇಲೆ ಮಾತ್ರ ಎಳೆದರೆ ಎಳೆದಷ್ಟು ಬರುತ್ತದೆ. ಸಾಮಾನಿನ ಭಾರ ಭುಜದ ಮೇಲೆ ಇಲ್ಲದ್ದರಿಂದ ಕಾಲೂ ಕಡಿಮೆ ಹೂಳುತ್ತದೆ. ಹಗ್ಗ ಎರಡಾಳು ಉದ್ದ ಇರಲಿ, ತುದಿಗೆ ಒಂದು ಅಡ್ಡ ಕೋಲು ಕಟ್ಟಿಕೊಳ್ಳಿ. ಕಾಲು ಹೂತಾಗ ಅದೇ ಕೋಲನ್ನು ನೆಲಕ್ಕೆ ಅಡ್ಡ ಇಟ್ಟು, ಅದರ ಮೇಲೆ ಭಾರ ಹಾಕಿ ಮೇಲೇಳಬಹುದು.